ಆವುಲಪ್ಪನ ಅಂಬಾಸಿಡರ್ ಮತ್ತು ಹಾಲಿನ ಹಾರನ್

ಸೌಮ್ಯಳ ನಿಶ್ಚಿತಾರ್ಥದ ಊಟಕ್ಕೆ ಎಲೆ ಹಾಕಿಯಾಗಿತ್ತು. ಉಪ್ಪು, ಕೋಸಂಬರಿ, ಪಲ್ಯ ಬಂದಿದ್ದವು. ಅನ್ನ ಇನ್ನೂ ಬಂದಿರಲಿಲ್ಲ. ನಮ್ಮ ಜನರಲ್ಲಿ ಜಗಳ ಹುಟ್ಟುವುದೂ ಪ್ರತಿಜ್ಞೆ ಹೊರಡುವುದೂ ಅನ್ನ ಬರುವ ಮುಂಚಿನ ಈ ಖಾಲಿ ಹೊತ್ತಿನಲ್ಲೇ. ಹುಡುಗಿಯ ಅಪ್ಪ ವೆಂಕಟೇಶಪ್ಪ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಕೇಳುವಂತೆ ತನ್ನ ಹಳೇ ಹಾಸ್ಯವನ್ನು ಹೊರಗೆ ತೆಗೆದ.

"ನಮ್ ಮದ್ವೇಲಿ ಏನಾಯ್ತು ಗೊತ್ತಾ ಬೀಗರೇ? ಹೆಣ್ಣಿನ ಅಣ್ಣ ಕಾರು ಗೊತ್ತು ಮಾಡಿದ್ದ. ಕಾರು ಬರ್ಲೇ ಇಲ್ಲ. ನಮ್ ಮುನಿಲಕ್ಷ್ಮಿ ಹಾಲಿನ ವ್ಯಾನ್ನಾಗೆ, ಕ್ಯಾನ್‌ಗಳ ಮಧ್ಯೆ ಕೂತ್ಕಂಡು ಛತ್ರಕ್ಕೆ ಬಂದ್ಲು. ನಾನು ಕೇಳ್ದೆ, ಹಾಲಿಗೆ ಹಾಕ್ದಂಗೆ ಡಿಗ್ರಿ ಕಡ್ಡಿ ಹಾಕಿ ನೋಡಿದ್ರಾ? ನೀರು ಬೆರೆಸಿಲ್ಲ ತಾನೇ?"

ಬೀಗರು ನಕ್ಕರು. ಪಂಕ್ತಿ ನಕ್ಕಿತು. ಪಲ್ಯ ಬಡಿಸುತ್ತಿದ್ದ ಮುನಿಲಕ್ಷ್ಮಿಯೂ ನಕ್ಕಳು, ನಕ್ಕು ಬೇಗ ಬೇಗ ಒಳಗೆ ಹೋದಳು. ಇಪ್ಪತ್ತೈದು ವರ್ಷದಿಂದ ನಾಮಕರಣ, ಗೃಹಪ್ರವೇಶ, ತಿಥಿಯೂ ಸೇರಿದಂತೆ ಎಲ್ಲ ಊಟಗಳಲ್ಲೂ ಆಕೆ ಹೀಗೇ ನಕ್ಕು ಒಳಗೆ ಹೋಗಿದ್ದಳು. ಅವಳ ಅಣ್ಣ ಆವುಲಪ್ಪ ಆ ಪಲ್ಯವನ್ನು ಎಲೆಯ ಅಂಚಿಗೆ ತಳ್ಳಿದ. ಆವತ್ತು ಬಾರದ ಕಾರನ್ನು ಗೊತ್ತು ಮಾಡಿದ್ದ ಅಣ್ಣ ಅವನೇ.

ಅವನು ಎಲೆಯ ಮುಂದೆ ಎದ್ದು ನಿಂತ. "ಭಾವ, ಎಲ್ಲಾರೂ ಕೇಳ್ಕಳಿ. ಸೌಮ್ಯನ್ನ ಛತ್ರಕ್ಕೆ ಕರ್ಕಂಡು ಬರೋನು ಸೋದರಮಾವ ನಾನು. ನನ್ ಸ್ವಂತ ಕಾರ್ನಾಗೇ ಕರ್ಕಂಡು ಬತ್ತೀನಿ. ಬಾಡಿಗೇದಲ್ಲ, ಸ್ವಂತದ್ದು!"

ಅಷ್ಟರಲ್ಲಿ ಅನ್ನ ಬಂತು. ಎರಡು ನಿಮಿಷ ಮುಂಚೆ ಬಂದಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಆವುಲಪ್ಪ ಹೊಸೂರಿನ ಒಂದು ಬೋಲ್ಟು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಅವನ ಸ್ವಂತದ್ದು ಎನ್ನಬಹುದಾದ ವಾಹನ ಒಂದು ಸ್ಕೂಟರು, ಅದರಲ್ಲೂ ಹಿಂದಿನ ಸೀಟು ಹೆಂಡತಿಯ ತವರಿನವರು ಹಾಕಿಸಿಕೊಟ್ಟಿದ್ದು. ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ ಸುಗುಣಾ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು: "ಸ್ವಂತ ಕಾರು ಅಂದ್ರಲ್ಲ, ಯಾರ ಸ್ವಂತ?"

ಉತ್ತರ ಕೃಷ್ಣಗಿರಿಯಲ್ಲಿ ಸಿಕ್ಕಿತು. ಅಲ್ಲಿಯ ಮಾವಿನ ಮಂಡಿಯೊಂದರ ಹಿತ್ತಲಲ್ಲಿ ಒಂದು ಅಂಬಾಸಿಡರ್ ಬಹಳ ವರ್ಷದಿಂದ ಕೋಳಿ ಸಾಕುವ ಕೆಲಸ ಮಾಡಿಕೊಂಡಿತ್ತು. ಮಂಡಿಯವನು ಹೇಳಿದ ಬೆಲೆಗೆ ಆವುಲಪ್ಪ ಚೌಕಾಸಿ ಮಾಡಲಾಗಿ, "ಸರಿ, ಕೋಳಿ ಬಿಟ್ಟು ಕೊಡ್ತೀನಿ" ಎಂದು ಅವನು ಇಳಿದ. ಕೋಳಿಗಳನ್ನು ಎಬ್ಬಿಸಲಾಯಿತು. ಹಿಂದಿನ ಸೀಟಿನಲ್ಲಿ ಕಾವಿಗೆ ಕೂತಿದ್ದ ಒಂದು ಹೇಂಟೆ ಮಾತ್ರ ಏಳಲಿಲ್ಲ. ಅದನ್ನು ಸೀಟಿನ ಸಮೇತ ಅಲ್ಲೇ ಇಳಿಸಿ ಬಂದರು. ಕಾರು ಲಾರಿಯ ಮೇಲೆ ಹೊಸೂರಿಗೆ ಬಂತು. ಆ ಕ್ಷಣದಿಂದ ಆವುಲಪ್ಪ ಅದನ್ನು ಕಾರು ಎನ್ನುವುದನ್ನು ಬಿಟ್ಟು ವಿಂಟೇಜು ಎನ್ನತೊಡಗಿದ. ತುಕ್ಕಿಗೆ ಇಷ್ಟು ಮರ್ಯಾದೆಯ ಇನ್ನೊಂದು ಹೆಸರು ನನಗಂತೂ ಗೊತ್ತಿಲ್ಲ.

ಬಾಗಲೂರು ರಸ್ತೆಯಲ್ಲಿ ಮರಿಸ್ವಾಮಿಯ ಶೆಡ್ಡು. ಮರಿಸ್ವಾಮಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಟೈರಿಗೆ ಒದ್ದು, ಕೈಗೆ ಕಿತ್ತುಬಂದ ತಗಡಿನ ಚೂರನ್ನು ಜೇಬಿಗೆ ಹಾಕಿಕೊಂಡು, ತನ್ನ ಸಿದ್ಧಾಂತ ವಿವರಿಸಿದ.

"ಸಾರ್, ದುಡ್ಡು ಕಮ್ಮಿ ಅಂತೀರಾ. ಕಮ್ಮಿ ದುಡ್ನಾಗೆ ಮೂರೇ ಮುಖ್ಯ. ಬಣ್ಣ, ಹೊಳಪು, ಹಾರನ್ನು."

"ಇಂಜಿನ್ನು?"

"ಹಾರನ್ನು ಜೋರಾಗಿದ್ರೆ ಇಂಜಿನ್ ಸದ್ದು ಯಾರಿಗ್ ಕೇಳ್ತದೆ ಸಾರ್?"

"ಬ್ರೇಕು?"

"ಅದು ನಿಲ್ಸೋವಾಗ ನೋಡ್ಕಳನ."

ಈ ಸಿದ್ಧಾಂತದ ಪ್ರಕಾರ ಕೆಲಸ ಶುರುವಾಯಿತು. ಯಾರದೋ ಮನೆ ಕಟ್ಟಿ ಉಳಿದಿದ್ದ ಬಿಳಿ ಬಣ್ಣ ಮುಂಭಾಗಕ್ಕೆ ಸಾಕಾಯಿತು, ಹಿಂಭಾಗಕ್ಕೆ ಇನ್ನೊಂದು ಮನೆಯ ಕೆನೆ ಬಣ್ಣ ಬಂತು. ಮೂಲೆಗೆ ಬಿದ್ದ ಟೌನ್ ಬಸ್ಸೊಂದರ ಸೀಟು ತಂದು ಹಿಂದೆ ಕೂರಿಸಿದರು. ಅದರ ಬೆನ್ನ ಮೇಲೆ ತಮಿಳಿನಲ್ಲಿ 'ಮಗಳಿರ್' ಎಂದು, ಅಂದರೆ ಮಹಿಳೆಯರಿಗೆ ಎಂದು, ಬರೆದಿದ್ದು ಏನು ಉಜ್ಜಿದರೂ ಹೋಗಲಿಲ್ಲ. ಸುಗುಣಾಳ ಹಳೇ ಸೀರೆ ಪರದೆಯಾಯಿತು. ಮೂತಿಯ ಜಾಲರಿ ಮಾತ್ರ ಎಲ್ಲೂ ಸಿಗಲಿಲ್ಲ. ಒಂದು ದಿನ ಹೊಳೆಯುವ ಸ್ಟೀಲ್ ಜಾಲರಿ ಹೊತ್ತ ಕಾರು ಮನೆ ಮುಂದೆ ನಿಂತಾಗ, ತುಮಕೂರಿನಿಂದ ಬಂದು ಪಕ್ಕದ ಮನೆಯಲ್ಲಿ ನೆಲೆಸಿದ್ದ ರುಕ್ಮಿಣಮ್ಮ ಅದನ್ನು ಬಗ್ಗಿ ಬಗ್ಗಿ ನೋಡಿದರು.

"ಆವುಲಪ್ಪನವರೇ, ಇದು ನಾನು ಹಳೇ ಸಾಮಾನಿನವನಿಗೆ ಹಾಕಿದ ತಟ್ಟೆ ಸ್ಟ್ಯಾಂಡ್ ಅಲ್ವಾ? ಲೋಟ ಸಿಕ್ಕಿಸೋ ಕಡ್ಡಿ ಇನ್ನೂ ಹಂಗೇ ಇದೆ."

"ವಿಂಟೇಜ್ ಗ್ರಿಲ್ಲು ಅಮ್ಮ ಅದು. ಫಾರಿನ್ ಮಾದರಿ."

"ಹೌದಾ? ಹಂಗಾದ್ರೆ ನಮ್ಮನೇಲಿ ಇನ್ನೊಂದು ಫಾರಿನ್ ಮಾದರಿ ಇದೆ, ಬೇಕಾದ್ರೆ ಹೇಳಿ."

ಕೊನೆಗೆ ಹಾರನ್ನು. ಮರಿಸ್ವಾಮಿ ಅದಕ್ಕೋಸ್ಕರ ಗುಜರಿ ಅಂಗಡಿಗೆ ತಾನೇ ಹೋಗಿ ಮೂರು ತುತ್ತೂರಿಗಳ ಹಾರನ್ನೊಂದನ್ನು ತಂದ. ಒತ್ತಿದರೆ ಸಾಕು, ಮೂರೂ ಒಂದರ ಹಿಂದೊಂದು ಏರುತ್ತಾ ಹೋಗಿ, ಕೊನೆಗೆ ಕರು ತಾಯಿಯನ್ನು ಕರೆದಂತೆ ಉದ್ದಕ್ಕೆ ಎಳೆಯುತ್ತಿದ್ದವು. ಆವುಲಪ್ಪನ ಮೈ ಜುಮ್ಮೆಂದಿತು. "ಯಾವ ಗಾಡೀದಪ್ಪ ಇದು?" ಎಂದು ಕೇಳಿದ.

"ಒಳ್ಳೇ ಮನೆತನದ್ದು ಸಾರ್" ಎಂದ ಮರಿಸ್ವಾಮಿ.

ಮದುವೆಗೆ ವಾರವಿದ್ದಾಗ ತಂಗಿಗೆ ಕಾರು ತೋರಿಸಲು ಆವುಲಪ್ಪ ಹೆಂಡತಿಯ ಜೊತೆ ಕರಡಿಗುಟ್ಟೆಗೆ ಹೊರಟ. ಅದು ತಳಿ ಎಂಬ ಊರಿನಿಂದ ಆಚೆ, ಗುಡ್ಡದ ದಾರಿಯ ಕೊನೆಯ ಊರು. ದಾರಿಯಲ್ಲಿ ಮೊದಲ ಹಳ್ಳಿ ಸಿಕ್ಕಿದ್ದೇ ಅವನು ಹಾರನ್ ಒತ್ತಿದ. ಒತ್ತಿದ್ದೇ ತಡ, ಮನೆಮನೆಯ ಬಾಗಿಲು ತೆರೆದು ಹೆಂಗಸರು ಗಂಡಸರು ರಸ್ತೆಗೆ ಓಡಿ ಬಂದರು. ಕೆಲವರ ಕೈಯಲ್ಲಿ ಹೊಳೆಯುವ ಕೊಡ, ಕೆಲವರ ಕೈಯಲ್ಲಿ ಚೆಂಬು.

"ನೋಡ್ದಾ?" ಎಂದ ಆವುಲಪ್ಪ, ಕತ್ತು ಉದ್ದ ಮಾಡಿ. "ಪೂರ್ಣಕುಂಭ! ವಿಂಟೇಜಿಗೆ ಜನ ಹೆಂಗೆ ಮರ್ಯಾದೆ ಕೊಡ್ತಾರೆ ನೋಡು."

"ಅವ್ರು ನಿಲ್ಸಿ ಅಂತ ಕೈ ಮಾಡ್ತಾ ಅವ್ರೆ ಕಣ್ರೀ."

"ನಿಲ್ಸಿದ್ರೆ ಹಾರ ಹಾಕ್ತಾರೆ, ಹೊತ್ತಾಗ್ಬುಡ್ತದೆ."

ಅವನು ಪರದೆ ಸರಿಸಿ, ದೊಡ್ಡ ಮನುಷ್ಯರು ಬೀಸುವ ಹಾಗೆ ಅಂಗೈಯನ್ನು ಮಾತ್ರ ಬೀಸುತ್ತಾ ಮುಂದೆ ಹೋದ. ಹಿಂದೆ ಒಬ್ಬಾಕೆ ಬಗ್ಗಿ ಏನನ್ನೋ ಎತ್ತಿಕೊಂಡಳು. ಅದನ್ನವನು ಹೂವೆಂದುಕೊಂಡ. ಡಿಕ್ಕಿಗೆ ಬಿದ್ದ ಸದ್ದು ಕೇಳಿದ ಮೇಲೂ ಸುಮಾರು ದೂರ ಹಾಗೆಯೇ ಅಂದುಕೊಂಡಿದ್ದ.

ಮುನಿಲಕ್ಷ್ಮಿ ಕಾರನ್ನು ಸುತ್ತಲೂ ಸವರಿ ನೋಡಿದಳು. "ಅಣ್ಣ, ಎಷ್ಟು ಚೆನ್ನಾಗೈತೆ" ಎಂದಳು, ಎರಡು ಬಣ್ಣ ಕೂಡುವ ಗೆರೆಯ ಮೇಲೆ ಕೈಯಿಟ್ಟು. ಅವಳ ದನಿ ಒದ್ದೆಯಾಗಿತ್ತು. ಆವುಲಪ್ಪನಿಗೆ ಪಟ್ಟ ಪಾಡೆಲ್ಲ ಸಾರ್ಥಕವಾಯಿತು ಅನ್ನಿಸಿತು. ವೆಂಕಟೇಶಪ್ಪ ಮಾತ್ರ ಜಗಲಿಯಿಂದಲೇ, "ಯಾವ್ದಕ್ಕೂ ಆವತ್ತು ಬೇರೆ ವಾಹನಾನೂ ಹೇಳಿರ್ತೀನಿ ಬಿಡಿ ಭಾವ, ಹಾಲಿನ ವ್ಯಾನು ಈಗ ನಮ್ ಕಡೆ ಬರಲ್ಲ" ಎಂದು ಮೀಸೆಯಡಿ ನಕ್ಕ.

ಮಾರನೇ ಸಂಜೆ ಹೊಸೂರಿನ ಮನೆ ಬಾಗಿಲಿಗೆ ಒಬ್ಬ ಅಧಿಕಾರಿ ಬಂದ. ತಳಿ ಊರಿನಲ್ಲಿದ್ದ ಖಾಸಗಿ ಹಾಲಿನ ಕಂಪನಿಯೊಂದರ ಕೇಂದ್ರದ ಸೂಪರ್‌ವೈಸರ್ ನಂದೀಶ್. ಬೆವರಿದ್ದ, ಅಂಗಿಯ ಒಂದು ಗುಂಡಿ ಕಿತ್ತಿತ್ತು.

"ಆ ಹಾರನ್ ನಿಮ್ದೇನ್ರೀ? ಗುಜರಿ ಅಂಗಡಿ, ಮರಿಸ್ವಾಮಿ ಶೆಡ್ಡು ಎಲ್ಲಾ ಕೇಳ್ಕಂಡು ಬಂದೆ. ಅದು ನಮ್ ಹಾಲಿನ ವ್ಯಾನಿಂದು! ಗುಡ್ಡದ ಮ್ಯಾಗಳ ರೂಟಲ್ಲಿ ಹಾಲು ಸಾಲ್ತಿಲ್ಲ ಅಂತ ಕಂಪನಿ ಎರಡು ತಿಂಗಳ ಹಿಂದೆ ವ್ಯಾನ್ ನಿಲ್ಸಿ ಗುಜರಿಗೆ ಹಾಕ್ತು. ಪಾಪ, ಜನ ಕ್ಯಾನ್ ಹೊತ್ಕಂಡು ತಳಿಗಂಟ ನಡೀತಾವ್ರೆ. ನಿನ್ನೆ ನೀವು ಹಾರನ್ ಹೊಡ್ದು, ವ್ಯಾನ್ ಬಂತು ಅಂತ ಓಡಿ ಬಂದೋರ್ಗೆ ಟಾಟಾ ಮಾಡ್ಕಂಡು ಹೋಗಿದ್ದೀರಾ!"

"ಅದು ಪೂರ್ಣಕುಂಭ..." ಎಂದ ಆವುಲಪ್ಪ, ಕ್ಷೀಣವಾಗಿ.

"ಹಾಲಿನ ಕೊಡ ರೀ! ಈಗ ಬಿಳೀ ಕಾರಲ್ಲಿ ಕಂಪನಿಯ ದೊಡ್ಡ ಸಾಹೇಬ್ರು ಬಂದಿದ್ರು, ಹಾಲು ತಗಳದೇ ಹೋದ್ರು ಅಂತ ಊರೆಲ್ಲಾ ಬಂದು ನನ್ ಕಾಲರ್ ಹಿಡ್ದವ್ರೆ. ಅಶ್ವತ್ಥಮ್ಮನ ಹಸು ಬೇರೆ. ಅದು ಹುಟ್ಟಿದಾಗಿಂದ ಆ ಹಾರನ್ ಕೇಳ್ದಾಗ್ಲೇ ಸೊರೆ ಬಿಡೋದು, ಹಾಲು ಇಳ್ಸೋದು. ವ್ಯಾನ್ ನಿಂತ್ಮೇಲೆ ಚೆಂಬು ತುಂಬ್ತಿರ್ಲಿಲ್ಲ, ನಿನ್ನೆ ಬಿಂದ್ಗೆ ತುಂಬಿ ಚೆಲ್ತಂತೆ. ಕಾರಿನ ಸಾಹೇಬ್ರುನ್ನ ದಿನಾ ಕಳ್ಸು ಅಂತ ಆಯಮ್ಮ ಇವತ್ತು ಬೆಳಗ್ಗಿಂದ ನನ್ ಆಫೀಸ್ ಮುಂದೆ ಕೂತವ್ಳೆ!"

ಕಾಂಪೌಂಡಿನ ಮೇಲೆ ಗಲ್ಲ ಊರಿ ಕೇಳುತ್ತಿದ್ದ ರುಕ್ಮಿಣಮ್ಮ, "ಆವುಲಪ್ಪನವರೇ, ನಮಗೂ ಅರ್ಧ ಲೀಟರ್ ಹಾಕಿಸಿಬಿಡಿ" ಎಂದರು.

ಆವುಲಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಯಾವ ಹಾಲಿನ ವ್ಯಾನಿನ ಅಪಮಾನ ತೊಳೆಯಲು ಇಷ್ಟೆಲ್ಲ ಮಾಡಿದನೋ, ಅದೇ ವ್ಯಾನಿನ ಗಂಟಲನ್ನು ತನ್ನ ಕೈಯಾರೆ ಕಾರಿಗೆ ಕಟ್ಟಿಸಿದ್ದ. ಮರಿಸ್ವಾಮಿಯ ಶೆಡ್ಡಿಗೆ ಓಡಿದ. ಮರಿಸ್ವಾಮಿ ತಲೆಯಾಡಿಸಿದ.

"ಬಿಚ್ಚಕ್ಕಾಗಲ್ಲ ಸಾರ್. ಸೆಲ್ಫು, ಲೈಟು, ವೈಪರು, ಎಲ್ಲಾ ಹಾರನ್ ವೈರ್ಗೇ ಕೊಟ್ಟಿದ್ದೀನಿ. ಕಮ್ಮಿ ದುಡ್ನಾಗೆ ಮಾಡು ಅಂದ್ರಲ್ಲ. ಹಾರನ್ ತೆಗುದ್ರೆ ಗಾಡಿ ಸ್ಟಾರ್ಟೇ ಆಗಲ್ಲ."

ಮದುವೆಯ ದಿನ ಹಾರನ್ ಮುಟ್ಟುವುದಿಲ್ಲ ಎಂದು ಆವುಲಪ್ಪ ಕುಲದೇವರ ಮೇಲೆ ಆಣೆ ಮಾಡಿದ. ಅನ್ನ ಬರುವ ಮುಂಚೆ ಮಾಡಿದ ಪ್ರತಿಜ್ಞೆಗೂ ಕಾಫಿ ಕುಡಿದ ಮೇಲೆ ಮಾಡಿದ ಆಣೆಗೂ ಆಯಸ್ಸು ಒಂದೇ ಎಂಬುದು ಅವನಿಗೆ ತಿಳಿದಿರಲಿಲ್ಲ.

ಮದುವೆ ತಳಿಯ ಛತ್ರದಲ್ಲಿ, ಬೆಳಗಿನ ಮುಹೂರ್ತ. ಮನೆದೇವರಿಗೆ ಕೈಮುಗಿದ ಹೆಣ್ಣನ್ನು ಸೋದರಮಾವ ಕರೆತರುವುದು ಆ ಮನೆಯ ಪದ್ಧತಿ. ವೆಂಕಟೇಶಪ್ಪ, ಮುನಿಲಕ್ಷ್ಮಿ, ನೆಂಟರು ಬಾಡಿಗೆ ವಾಹನದಲ್ಲಿ ಮೊದಲೇ ಹೋದರು. ಹಿಂದೆ ಅಂಬಾಸಿಡರ್ ಹೊರಟಿತು: ಆವುಲಪ್ಪ ಸ್ಟೀರಿಂಗಿನಲ್ಲಿ, ಸುಗುಣಾ ಪಕ್ಕದಲ್ಲಿ, ರೇಷ್ಮೆಯುಟ್ಟ ಸೌಮ್ಯ ಹಿಂದೆ ಮಹಿಳೆಯರ ಸೀಟಿನಲ್ಲಿ. ಗುಡ್ಡ ಇಳಿದು, ಮೊನ್ನೆ ಹಾರನ್ ಒತ್ತಿದ್ದ ಹಳ್ಳಿಗೆ ಬರುವಷ್ಟರಲ್ಲಿ ಒಂದು ಹಸು ರಸ್ತೆಗೆ ಅಡ್ಡ ನಿಂತಿತ್ತು. ಅಶ್ವತ್ಥಮ್ಮನದೇ.

ಆವುಲಪ್ಪ ಬ್ರೇಕು ತುಳಿದ. ಮರಿಸ್ವಾಮಿ ಹೇಳಿದ್ದ, ನಿಲ್ಲಿಸುವಾಗ ನೋಡಿಕೊಳ್ಳೋಣ ಎಂದು. ಈಗ ನೋಡಿಕೊಳ್ಳಲು ಮರಿಸ್ವಾಮಿ ಅಲ್ಲಿರಲಿಲ್ಲ. ಕಾರು ಮೆತ್ತಗೆ ಹಸುವಿನ ಕಡೆಗೇ ಜಾರಿತು. "ಹಾರನ್ ಹೊಡೀರೀ!" ಎಂದು ಸುಗುಣಾ ಕಿರುಚಿದಳು. ಆಣೆಗಿಂತ ಗೋಹತ್ಯೆ ದೊಡ್ಡದು. ಅವನು ಒತ್ತಿದ.

ಮೂರು ತುತ್ತೂರಿಗಳೂ ಏರಿದವು, ಕೊನೆಗೆ ಉದ್ದಕ್ಕೆ ಎಳೆದವು, ಮತ್ತೆ ಮೊದಲಿನಿಂದ ಶುರುವಾದವು. ಹಾರನ್ ಕಚ್ಚಿಕೊಂಡುಬಿಟ್ಟಿತ್ತು. ಹಸು ಪ್ರೀತಿಯಿಂದ ಕಾರಿನ ಕಡೆ ತಿರುಗಿ, ನಿಂತಲ್ಲೇ ಸೊರೆ ಬಿಟ್ಟಿತು. ಹಿತ್ತಲಿನಿಂದ ಅಶ್ವತ್ಥಮ್ಮ ಬಿಂದಿಗೆ ಹಿಡಿದು ಓಡಿ ಬಂದಳು.

"ಬಂದ್ಯಾ ನನ್ನಪ್ಪಾ! ನಿನ್ ಹೊಟ್ಟೆ ತಣ್ಣಗಿರ್ಲಿ!"

ಕಾರು ಹಸುವಿನ ಪಕ್ಕದಿಂದ ಹೇಗೋ ನುಸುಳಿತು, ಆದರೆ ಮುಂದಿನ ಏರಿನಲ್ಲಿ ಇಂಜಿನ್ನು ಒಂದು ಸಲ ನಿಟ್ಟುಸಿರು ಬಿಟ್ಟು ನಿಂತೇಹೋಯಿತು. ಹಾರನ್ ಮಾತ್ರ ನಿಲ್ಲಲಿಲ್ಲ. ಗುಡ್ಡದ ಅತ್ತಿತ್ತಲ ಹಳ್ಳಿಗಳಿಂದ ಜನ ಕ್ಯಾನು ಕೊಡ ಹೊತ್ತು ಇಳಿದು ಬಂದರು, ಬಿಂದಿಗೆ ತುಂಬಿಸಿಕೊಂಡು ಬಂದ ಅಶ್ವತ್ಥಮ್ಮನ ಜೊತೆ ಸೇರಿ ಕಾರನ್ನು ಮುತ್ತಿದರು.

"ಮೊನ್ನೆ ತಪ್ಪುಸ್ಕಂಡು ಹೋದಂಗೆ ಇವತ್ತು ಹೋಗು ನೋಡನ!"

"ನಾನು ಹಾಲಿನೋನಲ್ಲ ಕಣ್ರಪ್ಪಾ! ಮದ್ವೆ ಹೆಣ್ಣು ಐತೆ ಒಳಗೆ!"

"ಹೆಣ್ಣು ಇರ್ಲಿ ಬಿಡು, ಹಾಲಿಗೆ ಜಾಗ ಐತಾ?"

ಡಿಕ್ಕಿ ತೆರೆದರು, ಕ್ಯಾನುಗಳನ್ನು ಇಟ್ಟರು. ಡಿಕ್ಕಿ ತುಂಬಿದ ಮೇಲೆ ಹಿಂದಿನ ಬಾಗಿಲಿಗೆ ಬಂದರು. ಆವುಲಪ್ಪ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ. ಅವನ ಕಣ್ಣಲ್ಲಿ ನೀರಾಡಿತು. "ಒಳಗೆ ಮಾತ್ರ ಬ್ಯಾಡ್ರಪ್ಪ. ನಿಮ್ ಕಾಲು ಹಿಡೀತೀನಿ. ನನ್ ತಂಗಿ ಹಿಂಗೇ ಕ್ಯಾನ್ ಮಧ್ಯೆ ಕೂತು ಹೋಗಿ, ಇವತ್ತಿನ್ ತನಕ ಮಾತು ತಿಂದವ್ಳೆ. ಅವಳ್ ಮಗ್ಳೂ ಹಂಗೇ ಹೋಗ್ಬಾರ್ದು."

ಜನ ಕ್ಯಾನು ಕೆಳಗಿಟ್ಟರು. ಹಾರನ್ ಮಾತ್ರ ಕೂಗುತ್ತಲೇ ಇತ್ತು. ಸೌಮ್ಯ ಪರದೆ ಸರಿಸಿದಳು.

"ಮಾವ, ಗಾಡಿ ನಿಂತೈತೆ. ಇವ್ರು ತಳ್ಳದಿದ್ರೆ ಮುಹೂರ್ತ ಮೀರೋಗ್ತದೆ. ಹಾಲು ತಗಳ್ದಿದ್ರೆ ಇವ್ರು ಯಾಕೆ ತಳ್ತಾರೆ? ನೀವು ಪಕ್ಕಕ್ಕೆ ಬನ್ನಿ." ಅಷ್ಟಂದು ಸೆರಗು ಒಟ್ಟು ಮಾಡಿಕೊಂಡು ಕಿಟಕಿಯ ಕಡೆ ಸರಿದಳು. "ಅಜ್ಜೀ, ನಿನ್ ಬಿಂದ್ಗೆ ಇಲ್ಲಿಡು. ಚೆಲ್ದಂಗೆ ಹಿಡ್ಕತೀನಿ."

ಹೀಗೆ ಮೆರವಣಿಗೆ ಹೊರಟಿತು. ಅರ್ಧ ಜನ ಕಾರು ತಳ್ಳಿದರು, ಉಳಿದರ್ಧ ಒಳಗೆ ಹಿಡಿಸದ ಕ್ಯಾನುಗಳನ್ನು ತಲೆಯ ಮೇಲಿಟ್ಟು ಹಿಂದೆ ನಡೆದರು. ತಳಿಯ ಕೂಡುರಸ್ತೆಯಲ್ಲಿ ಒಬ್ಬ ಪೊಲೀಸಿನವನು ಕೈ ಅಡ್ಡ ಹಾಕಿ, "ಪಾಲ್ ವಂಡಿಯಾ? ಪರ್ಮಿಟ್ ಎಂಗೆ?" ಎಂದು ಹಾಲಿನ ಗಾಡಿಯ ಪರ್ಮಿಟ್ಟು ಕೇಳಿದ. ಕಲ್ಯಾಣ ವಂಡಿ, ಮದುವೆ ಗಾಡಿ, ಎಂದಳು ಸುಗುಣಾ. ಅವನು ಕ್ಯಾನುಗಳ ಮಧ್ಯದಿಂದ ಇಣುಕುತ್ತಿದ್ದ ಬಾಸಿಂಗವನ್ನು ನೋಡಿದ, ಮುಂದಿದ್ದ ತಟ್ಟೆ ಸ್ಟ್ಯಾಂಡನ್ನು ನೋಡಿದ, ಇಂಥದ್ದನ್ನು ಯಾವ ಸೆಕ್ಷನ್ನಿಗೆ ಹಾಕುವುದೆಂದು ತೋಚದೆ ಸೆಲ್ಯೂಟ್ ಹೊಡೆದು ಬಿಟ್ಟುಬಿಟ್ಟ.

ಛತ್ರದ ಮುಂದೆ ವೆಂಕಟೇಶಪ್ಪ ಗಡಿಯಾರ ನೋಡುತ್ತಾ ನಿಂತಿದ್ದ. ಪಕ್ಕದಲ್ಲಿ ಗಂಡಿನ ತಂದೆ ರಾಮಕೃಷ್ಣಪ್ಪ. ಇವರು ಮಂಡ್ಯದ ಕಡೆಯವರು, ಹೊಸೂರಿನ ಕಾರ್ಖಾನೆಯೊಂದರಲ್ಲಿ ದುಡಿದು ಇಲ್ಲೇ ಮನೆ ಕಟ್ಟಿದವರು. ತಮಿಳರ ಮದುವೆಗಳಲ್ಲಿ ಸೋದರಮಾವ ತಟ್ಟೆ ತಟ್ಟೆ ಸೀರು, ಅಂದರೆ ಮದುವೆಯ ಉಡುಗೊರೆ, ಹೊರಿಸಿಕೊಂಡು, ವಾದ್ಯ ಹಿಡಿಸಿಕೊಂಡು ಬರುವುದನ್ನು ಕಂಡು, ತಮ್ಮ ಮಗ ಪ್ರಮೋದನಿಗೆ ಅಂಥ ಮೆರವಣಿಗೆ ಸಿಗುತ್ತದೋ ಇಲ್ಲವೋ ಎಂದು ಒಳಗೊಳಗೇ ಆಸೆಪಟ್ಟವರು. ದೂರದಿಂದ ಹಾರನ್ ಕೇಳಿತು. ಆಮೇಲೆ ತಿರುವಿನಲ್ಲಿ ಎರಡು ಬಣ್ಣದ ಕಾರು, ಅದರ ಹಿಂದೆ ತಲೆಯ ಮೇಲೆ ಹೊಳೆಯುವ ಕ್ಯಾನು ಹೊತ್ತ ಜನರ ಸಾಲು ಕಂಡಿತು.

"ಓಹೋಹೋ!" ಎಂದರು ರಾಮಕೃಷ್ಣಪ್ಪ, ಎದೆ ತುಂಬಿ. "ಸೋದರಮಾವನ ಸೀರು! ಊರಿಗೆ ಊರೇ ಹೊತ್ತು ತಂದೈತಲ್ರೀ! ಎಲ್ಲಾರೂ ಬೆಳ್ಳಿ ಬಟ್ಲು ತತ್ತಾರೆ, ಇವ್ರು ಹಾಲಿನ ಹೊಳೇನೇ ತಂದವ್ರೆ. ವೆಂಕಟೇಶಪ್ಪೋರೇ, ನಿಮ್ ಭಾವಮೈದುನ ಅಂದ್ರೆ ಹಿಂಗಿರ್ಬೇಕು! ಇದನ್ನ ಯಾಕ್ರೀ ಮುಚ್ಚಿಟ್ಟಿದ್ರಿ?"

ವೆಂಕಟೇಶಪ್ಪ ಬಾಯಿ ತೆರೆದ. ನಾಲಿಗೆಯ ತುದಿಗೆ ಹಳೇ ಹಾಸ್ಯ ಬಂದಿತ್ತು. ಆದರೆ ಇದು ಸೀರಲ್ಲ ಎಂದರೆ ತನ್ನ ಮನೆಯ ಮರ್ಯಾದೆಯೇ ಹೋಗುತ್ತದೆ. ಹಾಸ್ಯ ಅಲ್ಲೇ ನಿಂತಿತು. "ಹೆ ಹೆ, ಅದೇ... ನಮ್ ಕಡೆ ಪದ್ಧತಿ" ಎಂದ. ಮದುವೆ ಮನೆಯಲ್ಲಿ ಪದ್ಧತಿಗಳು ಹುಟ್ಟುವುದೂ ಹೀಗೆಯೇ.

ಹಾಲನ್ನೆಲ್ಲ ಪಾಯಸದ ಒಲೆಗೆ ಸಾಗಿಸಲು ರಾಮಕೃಷ್ಣಪ್ಪ ಅಪ್ಪಣೆ ಕೊಟ್ಟರು. ಹಾಲಿನವರು ಕ್ಯಾನು ಬಿಡಲಿಲ್ಲ. ಡಿಗ್ರಿ ಹಾಕಿ, ಅಳೆದು, ಬರೆದುಕೊಂಡರೆ ಮಾತ್ರ ಎಂದರು. ಸೀರಿಗೆ ಅಳತೆ ಯಾಕೆ ಎಂದು ಬೀಗರು ಬೆರಗಾದರು. ಹಾರನ್ ಸದ್ದಿನ ಜಾಡು ಹಿಡಿದು ಬಂದ ನಂದೀಶ್ ಛತ್ರದ ಅಂಗಳದಲ್ಲೇ ಅಳತೆಗೆ ಕೂತ. ಹಾಲು ಸಾಲುವುದಿಲ್ಲ ಎಂದು ನಿಲ್ಲಿಸಿದ ರೂಟಿನ ಹಾಲು ಅಂಗಳ ತುಂಬಾ ನಿಂತಿತ್ತು. ಎದುರಿಗೆ ಅಶ್ವತ್ಥಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಹೊಸ ವ್ಯಾನಿಗೆ ಇವತ್ತೇ ಮೇಲಿನವರಿಗೆ ಹೇಳುತ್ತೇನೆ ಎಂದು ಯಾರೂ ಕೇಳದೆಯೇ ಅವನು ಒಪ್ಪಿಕೊಂಡ.

ಒಳಗೆ ನಾದಸ್ವರದವನು ಹಾರನ್ ಜೊತೆ ಸ್ವಲ್ಪ ಹೊತ್ತು ಪೈಪೋಟಿ ನಡೆಸಿ, ಸೋತು, ವಾದ್ಯಕ್ಕೆ ಬಟ್ಟೆ ಸುತ್ತಿದ. "ಗಟ್ಟಿಮೇಳ!" ಎಂದು ಪುರೋಹಿತರು ಕೈಯೆತ್ತಿದರು. ಮೂರು ತುತ್ತೂರಿಗಳೂ ಏರಿದವು. ಪ್ರಮೋದ್ ತಾಳಿ ಕಟ್ಟಿದ. ಉದ್ದಕ್ಕೆ ಎಳೆಯುವ ಕೊನೆಯ ಸ್ವರದಲ್ಲಿ ಬ್ಯಾಟರಿ ಸೋತು, ಹಾರನ್ ಮಂಗಳಕರವಾಗಿ ನಿಂತಿತು.

ಊಟ ಮುಗಿದ ಮೇಲೆ ಆವುಲಪ್ಪ ಯಾರ ಕಣ್ಣಿಗೂ ಬೀಳದೆ ಕಾರಿನ ಪಕ್ಕ ಕೂತಿದ್ದ. ಮದುವೆಗೆ ಬಂದಿದ್ದ ಮರಿಸ್ವಾಮಿ ಬಾಡಿಗೆ ವಾಹನದ ಬ್ಯಾಟರಿಯನ್ನು ಅಂಬಾಸಿಡರಿಗೆ ಜೋಡಿಸುತ್ತಿದ್ದ. ಮುನಿಲಕ್ಷ್ಮಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು.

"ಅಮ್ಮಯ್ಯ, ಕ್ಷಮಿಸ್ಬುಡು" ಎಂದ ಆವುಲಪ್ಪ, ತಲೆ ಎತ್ತದೆ. "ಎರಡ್ನೇ ಸಲಾನೂ ನಾನೇ ಹಿಂಗ್ ಮಾಡ್ಬುಟ್ಟೆ."

"ಅಣ್ಣ, ಸೌಮ್ಯ ನಗ್ತಾ ಇಳುದ್ಲು ಕಣೋ. ನಾನು ಆವತ್ತು ಅಳ್ತಾ ಇಳ್ದಿದ್ದೆ." ಅವಳು ಕಾರಿನ ಬಾಗಿಲು ತೆರೆದು, ಮೆಲ್ಲಗೆ ಹತ್ತಿ, ಅಣ್ಣನ ಸೀಟಿನಲ್ಲಿ ಕೂತಳು. "ಅದೇ ಹಾರನ್ನು, ಅಲ್ವಾ? ಒಳಗೆ ಕೇಳ್ದೇಟ್ಗೆ ಗೊತ್ತಾಯ್ತು. ಎಲ್ಲಿ ಒತ್ತೋದು?"

ಆವುಲಪ್ಪ ತೋರಿಸಿದ. ಅವಳು ಎರಡೂ ಹೆಬ್ಬೆರಳು ಸೇರಿಸಿ ಒತ್ತಿದಳು.

ಮೂರು ತುತ್ತೂರಿಗಳೂ ಏರಿದವು. ಛತ್ರದ ಬಾಗಿಲಿನಿಂದ, ರೇಷ್ಮೆ ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿ, ಪಾಯಸದ ಖಾಲಿ ಬಕೆಟ್ಟು ಕೈಯಲ್ಲಿ ಹಿಡಿದು, ವೆಂಕಟೇಶಪ್ಪ ಓಡಿ ಬಂದ. ವರ್ಷಾನುಗಟ್ಟಲೆ ಆ ಸದ್ದಿಗೆ ಎದ್ದು, ಮನೆಯ ಹಾಲು ಹಿಡಿದು ವ್ಯಾನಿಗೆ ಓಡಿದ ಕಾಲುಗಳಿಗೆ ಮದುವೆಯೂ ಗೊತ್ತಿಲ್ಲ, ಬೀಗರೂ ಗೊತ್ತಿಲ್ಲ. ಕಾರಿನ ಮುಂದೆ ಬಂದು, ಬಕೆಟ್ಟು ಚಾಚಿದವನು, ಸ್ಟೀರಿಂಗಿನ ಹಿಂದೆ ಹೆಂಡತಿಯನ್ನು ಕಂಡು ಹಾಗೇ ನಿಂತುಬಿಟ್ಟ. ಅವನ ಹಿಂದೆ, ಏನಾಯಿತೋ ಎಂದು, ಊಟ ಮಾಡಿದವರೆಲ್ಲ ಬಂದು ನಿಂತರು.

ಮುನಿಲಕ್ಷ್ಮಿ ಬಕೆಟ್ಟಿನೊಳಗೆ ಬಗ್ಗಿ ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು.

"ನೀರು ಬೆರೆಸಿಲ್ಲ ತಾನೇ?" ಎಂದು ಕೇಳಿದಳು.